ನಿಮ್ಮ ‘ಸೂರ್ಯನಿಗೊಂದು ಪರದೆ’ ಕತೆಯ ಬಗ್ಗೆ

ನಮಸ್ಕಾರ.

ನಿಮ್ಮ ಕತೆಯನ್ನು ಈ ಸಲ ಹಾಕಿಕೊಳ್ಳುತ್ತಿಲ್ಲ. ಆದರೆ ಎರಡು ಸಾಲು ಬರೆದು ಸುಮ್ನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ. ಕಾದ ಭೂಮಿಗೆ ನೆರಳು ಕೊಡಲು ಬಾಹ್ಯಾಕಾಶದಲ್ಲಿ ಪರದೆ ಕಟ್ಟುತ್ತಾರೆ. ಮಟಮಟ ಮಧ್ಯಾಹ್ನ ಊರಿಗೆ ಕತ್ತಲೆ ಕವಿಯುತ್ತದೆ. ಜನ ದಂಗೆ ಏಳುತ್ತಾರೆ, ನಾಯಕಿ ಪರದೆ ಒಡೆಯುತ್ತಾಳೆ, ಬಿಸಿಲು ಮರಳುತ್ತದೆ. ಕತೆ ಓದಿಸಿಕೊಂಡು ಹೋಗುತ್ತದೆ.

ಎಡವಟ್ಟಾಗಿರುವುದು ಆ ಕತ್ತಲೆಯಲ್ಲಿ. ಪರದೆಯನ್ನು ನೀವೇ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ, ಇಟ್ಟ ವಸ್ತು ಇವೆರಡರ ನಡುವೆಯೇ ಉಳಿಯುವ ಎಲ್‌1 ಬಿಂದುವಿನಲ್ಲಿ ಇಟ್ಟಿದ್ದೀರಿ. ಅಲ್ಲಿದ್ದು ಸೂರ್ಯನನ್ನು ಪೂರ್ತಿ ಮುಚ್ಚಬೇಕಾದರೆ ಅದರ ಅಗಲ ಸುಮಾರು 14,000 ಕಿ.ಮೀ. ಇರಬೇಕು. ಭೂಮಿಗಿಂತಲೂ ಜಾಸ್ತಿ! ನಿಮ್ಮ ಪರದೆ ಬರೀ 2,000 ಕಿ.ಮೀ. ಅದರಿಂದ ಬಿಸಿಲು ನೂರಕ್ಕೆ ಎರಡು ಪಾಲು ಕಡಿಮೆಯಾಗುತ್ತದೆ, ಅಷ್ಟೇ. ಅದೂ ಒಂದು ಊರಿಗಲ್ಲ, ಇಡೀ ಭೂಮಿಗೆ. 1989ರಲ್ಲಿ ವಿಜ್ಞಾನಿ ಜೇಮ್ಸ್ ಅರ್ಲಿ ಸೂಚಿಸಿದ ಗಾಜಿನ ಪರದೆಯೂ ಹೆಚ್ಚುಕಡಿಮೆ ಇದೇ ಅಳತೆಯದು. 2006ರಲ್ಲಿ ಖಗೋಳ ವಿಜ್ಞಾನಿ ರೋಜರ್ ಏಂಜೆಲ್ ಒಂದೇ ಪರದೆಯ ಬದಲು ಗ್ರಾಂ ತೂಕದ ಲಕ್ಷಾಂತರ ಕೋಟಿ ತೆಳು ಬಿಲ್ಲೆಗಳನ್ನು ಹಾರಿಬಿಡುವ ಲೆಕ್ಕ ಹಾಕಿದರು. ಒಟ್ಟು ತೂಕ 2 ಕೋಟಿ ಟನ್. ಅಷ್ಟೆಲ್ಲ ಮಾಡಿ ತಡೆಯುವ ಬಿಸಿಲು ನೂರಕ್ಕೆ 1.8 ಪಾಲು.

ಅಂದರೆ ನಿಮ್ಮ ಪರದೆಯಿಂದ ಬಿಸಿಲು ಕಡಿಮೆಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಕತ್ತಲೆಗಿಂತ ಇದೇ ಒಳ್ಳೆಯ ಕತೆ ಅಲ್ವಾ? ಪರದೆ ಕಟ್ಟಿದ ವರ್ಷ ಮಳೆ ಕೈಕೊಟ್ಟರೆ ರೈತ ಯಾರನ್ನು ಬೈಯಬೇಕು? ಪರದೆಯಿಂದಲೇ ಹೀಗಾಯಿತು ಅಂತ ಯಾರ ಮುಂದೆ ಸಾಬೀತು ಮಾಡಬೇಕು? ನಿಮ್ಮ ದಂಗೆಗೆ ಕಾರಣ ಇಲ್ಲೇ ಇದೆ.

ಇನ್ನು ಕೊನೆ. ಪರದೆ ಒಡೆದ ಕೂಡಲೇ ಜನ ಕುಣಿಯುತ್ತಾರೆ, ನೀವು ಕತೆ ಮುಗಿಸುತ್ತೀರಿ. ಆದರೆ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹಾಗೇ ಇದೆ. ಪರದೆ ಇದ್ದಷ್ಟು ದಿನವೂ ಹೊಗೆ ಬಿಡುವುದನ್ನು ಯಾರೂ ನಿಲ್ಲಿಸಿಲ್ಲ ಅಂತ ನೀವೇ ಬರೆದಿದ್ದೀರಿ. ಇಷ್ಟು ದಿನ ತಡೆದಿದ್ದ ಸೆಕೆ ಕೆಲವೇ ವರ್ಷಗಳಲ್ಲಿ ನುಗ್ಗಿ ಬರುತ್ತದೆ. ಆ ಡೈಆಕ್ಸೈಡ್ ನೀರಿನಲ್ಲಿ ಕರಗಿ ಸಮುದ್ರ ಹುಳಿಯಾಗುವುದಂತೂ ಪರದೆ ಇದ್ದಾಗಲೂ ನಿಂತಿರಲಿಲ್ಲ. ಹಾಗಾದರೆ ನಾಯಕಿ ಮಾಡಿದ್ದು ಉಪಕಾರವೋ ಅನಾಹುತವೋ? ಕತೆಯನ್ನು ಅಲ್ಲಿಂದ ಶುರು ಮಾಡಿ ನೋಡಿ.

ಸಣ್ಣಪುಟ್ಟವು: ನಾಯಕಿಯ ನೌಕೆ ಎರಡೇ ದಿನಕ್ಕೆ ಎಲ್‌1 ಮುಟ್ಟುತ್ತದೆ. ನಮ್ಮ ಇಸ್ರೋದ ಆದಿತ್ಯ ನೌಕೆ 2023ರ ಸೆಪ್ಟೆಂಬರ್ 2ಕ್ಕೆ ಹೊರಟು ಅಲ್ಲಿ ಸೇರಿದ್ದು 2024ರ ಜನವರಿ 6ಕ್ಕೆ. ನಾಯಕಿ ಅಮ್ಮನಿಗೆ ಆರು ಪುಟ ಭೌತಶಾಸ್ತ್ರ ಪಾಠ ಮಾಡುವುದನ್ನು ಪೂರ್ತಿ ತೆಗೆಯಿರಿ. ಯಾವ ಅಮ್ಮನೂ ಅಷ್ಟು ಹೊತ್ತು ಕೇಳುವುದಿಲ್ಲ.

ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಶೀರ್ಷಿಕೆ ಹಾಗೇ ಇರಲಿ.

— ಸಂಪಾದಕ