ಅವ್ವನ ಆರೈಕೆಗಾಗಿ ಮನೆ ಬರೆದುಕೊಡಬೇಕೇ?

ಪ್ರಶ್ನೆ: ಗಂಗಾವತಿಯಲ್ಲಿ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯಿದೆ. ಉಯಿಲು ಬರೆಯದೆ ತೀರಿಕೊಂಡರು, ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. 74ರ ಅವ್ವನಿಗೆ ಲಕ್ವ ಹೊಡೆದು ಬಲಗೈ ಬಿದ್ದಿದೆ, ಬುದ್ಧಿ ಚುರುಕಾಗಿದೆ. ಔಷಧ, ನೋಡಿಕೊಳ್ಳುವಾಕೆಯ ಸಂಬಳ ಕೈ ಮೀರುತ್ತಿದೆ. ‘ಮನೆ ನನಗೆ ದಾನಪತ್ರ ಮಾಡಿಸಿ, ಖರ್ಚೆಲ್ಲ ನನ್ನದು’ ಅಂತಾನೆ ಅಣ್ಣ. ನಾನು, ತಂಗಿ ಒಪ್ಪಬಹುದೇ?

ಉತ್ತರ: ಆ ಮನೆ ಪೂರ್ತಿ ಅವ್ವನದಲ್ಲ. ನಿಮ್ಮ ಅಜ್ಜಿ (ಅಪ್ಪನ ತಾಯಿ) ಆಗ ಬದುಕಿರದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವ್ವನಿಗೂ ಮೂವರು ಮಕ್ಕಳಿಗೂ ತಲಾ ಕಾಲು ಪಾಲು. ಅವ್ವ ದಾನ ಕೊಡಬಹುದಾದದ್ದು ಆ ಕಾಲು ಪಾಲನ್ನಷ್ಟೇ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಕ್ರಯಪತ್ರ, ತೆರಿಗೆ ರಸೀದಿ ಕೊಟ್ಟು ನಗರಸಭೆಯಲ್ಲಿ ನಾಲ್ವರ ಹೆಸರಿಗೆ ಪೌತಿ ಖಾತೆ ಮಾಡಿಸಿ. ಖಾತೆ ತೆರಿಗೆಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಅಣ್ಣನ ಹೆಸರೊಂದೇ ಸೇರಿದರೂ ನಿಮ್ಮ ಪಾಲು ಹೋಗದು, ಆದರೆ ಜಗಳ ಶುರುವಾಗುವುದು ಅಲ್ಲಿಂದಲೇ.

ದಾನಪತ್ರ ನೋಂದಣಿಯಾದರೆ ಮನಸ್ಸು ಬದಲಾಯಿತೆಂದು ರದ್ದು ಮಾಡಲಾಗದು. ಪತ್ರ ಬರೆಯುವವರು ರೂಢಿಯಂತೆ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಬರೆದು ಮುಗಿಸುತ್ತಾರೆ, ಎಡವುವುದು ಅಲ್ಲೇ. ಊಟ, ವಸತಿ, ಚಿಕಿತ್ಸೆ, ಆರೈಕೆ ಕೊಡಬೇಕೆಂಬ ಷರತ್ತು ಪತ್ರದಲ್ಲೇ ಇರಲಿ. ಆಗ ಅಣ್ಣ ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ದಾನವನ್ನು ರದ್ದುಪಡಿಸಬಹುದು. ಇಂಥ ಷರತ್ತಿತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿದೆ. ನಮ್ಮನ್ನು ಕೇಳಿದರೆ ದಾನವೇ ಬೇಡ, ಉಯಿಲು ಸಾಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಅವ್ವ ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು.

ಖರ್ಚಿಗೆ ಕಾಗದ ಒತ್ತೆಯಿಟ್ಟು ಮೀಟರ್ ಬಡ್ಡಿಗೆ ಮಾತ್ರ ಹೋಗಬೇಡಿ. 60 ದಾಟಿದವರಿಗೆ ಬ್ಯಾಂಕುಗಳಲ್ಲಿ ರಿವರ್ಸ್ ಮಾರ್ಟ್‌ಗೇಜ್ ಸಾಲವಿದೆ: ಮನೆಯಲ್ಲೇ ಇದ್ದುಕೊಂಡು ತಿಂಗಳು ಅಥವಾ ಮೂರು ತಿಂಗಳಿಗೊಮ್ಮೆ ಹಣ ಪಡೆಯಬಹುದು, ಅವಧಿ ಸಾಮಾನ್ಯವಾಗಿ ಗರಿಷ್ಠ 20 ವರ್ಷ. ಅವ್ವ ಅಲ್ಲಿ ವಾಸವಿರುವಷ್ಟು ಕಾಲ ಸಾಲ ತೀರಿಸಬೇಕಿಲ್ಲ. ಆಮೇಲೆ ಮಕ್ಕಳು ಸಾಲ ಕಟ್ಟಿ ಮನೆ ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ ಬ್ಯಾಂಕ್ ಮಾರಿ, ಉಳಿದದ್ದನ್ನು ವಾರಸುದಾರರಿಗೆ ಕೊಡುತ್ತದೆ. ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎಂಬುದು ನೆನಪಿರಲಿ. ಇದಕ್ಕೆ ನೀವು ಮೂವರೂ ಮೊದಲು ಅವ್ವನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬೇಕಾಗುತ್ತದೆ. ಅದಕ್ಕೆ ಮುನ್ನ ಬ್ಯಾಂಕಿನ ವಕೀಲರು ಕಾಗದ ನೋಡಿ ಒಪ್ಪಲಿ. ತಾಲ್ಲೂಕು ಶಾಖೆಯವರು ಆಗದು ಎಂದರೆ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ.

ಜಿಪಿಎ (ಅವ್ವನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಮಾಡಿಸಿಟ್ಟರೆ ಸಾಕೆಂಬ ಸಲಹೆಯೂ ಬಂದೀತು. ಅವ್ವನ ಬುದ್ಧಿ ಸ್ಥಿಮಿತ ತಪ್ಪಿದ ದಿನವೇ ಅದರ ಬಲ ಮುಗಿಯುತ್ತದೆ, ಅಂದರೆ ನಿಜಕ್ಕೂ ಬೇಕಾದಾಗ ಅದು ಕೆಲಸಕ್ಕೆ ಬಾರದು. ಏನೇ ಬರೆಸುವುದಿದ್ದರೂ ಈಗಲೇ ಬರೆಸಿ. ಬಲಗೈ ಆಡದಿದ್ದರೆ ಎಡ ಹೆಬ್ಬೆಟ್ಟು ನಡೆಯುತ್ತದೆ. ಹಾಸಿಗೆ ಹಿಡಿದವರ ಮನೆಗೇ ಉಪನೋಂದಣಾಧಿಕಾರಿ ಬರಲು ಅರ್ಜಿ ಹಾಕಬಹುದು. ಅದೇ ದಿನದ ತಾರೀಖಿನಲ್ಲಿ, ಅವ್ವನಿಗೆ ವಿಷಯ ತಿಳಿಯುತ್ತದೆ ಎಂದು ವೈದ್ಯರಿಂದ ಪತ್ರ ಬರೆಸಿಟ್ಟುಕೊಳ್ಳಿ.