ಕೂತಾಗ ಚೆನ್ನಾಗಿಯೇ ಇರ್ತೀಯಲ್ಲ?

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಹೋದ ವರ್ಷ ವೈರಲ್ ಜ್ವರ ಬಂದು ಹೋದ ಮೇಲೆ ಎದ್ದು ನಿಂತರೆ ಸಾಕು, ಎದೆ ಡವಡವ ಅನ್ನುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಇಸಿಜಿ, ಎಕೋ ಎರಡೂ ನಾರ್ಮಲ್. ಎಂಟು ತಿಂಗಳು ಅಲೆದ ಮೇಲೆ ಒಬ್ಬ ಡಾಕ್ಟರು ಇದು ಡಿಸಾಟೊನೋಮಿಯಾ (ಎದೆಬಡಿತ, ಬಿಪಿ ನೋಡಿಕೊಳ್ಳುವ ನರಗಳ ತೊಂದರೆ), ಅದರಲ್ಲೂ ಪಾಟ್ಸ್ (ಎದ್ದು ನಿಂತಾಗ ನಾಡಿ ವಿಪರೀತ ಏರುವ ಬಗೆ) ಅಂದರು. ಮನೆಯಲ್ಲಿ ಯಾರೂ ನಂಬುತ್ತಿಲ್ಲ. ‘ಕೂತಾಗ ಚೆನ್ನಾಗಿಯೇ ಇರ್ತೀಯಲ್ಲ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ’ ಅಂತಾರೆ. ದಿನ ದೂಡುವುದು ಹೇಗೆ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ ತಂಗಿ. ಆ ಮಾತನ್ನು ನಾನೂ ಕೇಳಿಸಿಕೊಂಡವಳು. ನನಗೆ ಪಾಟ್ಸ್ ಅಂತ ಗೊತ್ತಾಗಿ ಒಂಬತ್ತು ವರ್ಷವಾಯಿತು. ಅದಕ್ಕೂ ಮೊದಲು ಎರಡು ವರ್ಷ ಆತಂಕ ಕಮ್ಮಿಯಾಗುವ ಮಾತ್ರೆ ನುಂಗಿದ್ದೆ. ಆಗ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಸುತ್ತಲಿಂದ ಕಪ್ಪು ಮುಚ್ಚಿಕೊಂಡು ಬರುತ್ತಿತ್ತು. ಚಾಕ್‌ಪೀಸ್ ಕೆಳಗೆ ಬಿದ್ದ ಸದ್ದು ಕೇಳಿಸುತ್ತಿತ್ತು, ಎಲ್ಲಿ ಬಿತ್ತು ಅಂತ ಕಾಣಿಸುತ್ತಿರಲಿಲ್ಲ. ನಾನು ಡಾಕ್ಟರಲ್ಲ. ಇದರ ಜೊತೆ ಬದುಕಿ ಕಲಿತದ್ದನ್ನು ಹೇಳುತ್ತೇನೆ, ಅಷ್ಟೇ.

ಎದೆಬಡಿತ, ಬಿಪಿ, ಬೆವರು, ಜೀರ್ಣ, ಇವನ್ನೆಲ್ಲ ನಾವು ಹೇಳದೆಯೇ ನೋಡಿಕೊಳ್ಳುವ ನರಗಳಿವೆ. ಯಾರೇ ಎದ್ದು ನಿಂತರೂ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಆಗ ಆ ನರಗಳು ರಕ್ತನಾಳಗಳನ್ನು ಬಿಗಿ ಮಾಡಿ ರಕ್ತವನ್ನು ಮೇಲಕ್ಕೆ ಕಳಿಸಬೇಕು. ನಮ್ಮಲ್ಲಿ ಆ ಕೆಲಸ ಸರಿಯಾಗಿ ಆಗುವುದಿಲ್ಲ. ಆ ಕೊರತೆ ತುಂಬಲು ಹೃದಯ ಓಡುತ್ತದೆ. ಹೃದಯದ ಕವಾಟ, ಸ್ನಾಯು ಎಲ್ಲ ಚೆನ್ನಾಗಿರಬಹುದು, ಅದಕ್ಕೇ ಎಕೋ ನಾರ್ಮಲ್. ಮಲಗಿಸಿ ಮಾಡುವ ಪರೀಕ್ಷೆಯಲ್ಲಿ ನಿಂತಾಗಿನ ತೊಂದರೆ ಸಿಗುವುದಾದರೂ ಹೇಗೆ, ಅಲ್ವಾ?

ಮನೆಯವರ ಜೊತೆ ವಾದ ಮಾಡಬೇಡಿ. ತೋರಿಸಿ. ಹತ್ತು ನಿಮಿಷ ಮಲಗಿ, ನಾಡಿ ಮತ್ತು ಬಿಪಿ ಬರೆಸಿ. ಆಮೇಲೆ ಗೋಡೆಗೆ ಒರಗಿ ಅಲುಗಾಡದೆ ನಿಲ್ಲಿ. ಎರಡು ನಿಮಿಷಕ್ಕೊಮ್ಮೆ, ಹತ್ತು ನಿಮಿಷದವರೆಗೆ ಬರೆಯಬೇಕು. ಪಕ್ಕದಲ್ಲಿ ಒಬ್ಬರು ಇರಲೇಬೇಕು, ತಡೆಯಲಾಗದಿದ್ದರೆ ತಕ್ಷಣ ಕೂತುಬಿಡಿ. ದೊಡ್ಡವರಲ್ಲಿ ಬಿಪಿ ಬೀಳದೆ ನಾಡಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರಿ, ಏರಿದ ಮಟ್ಟದಲ್ಲೇ ನಿಂತರೆ ಪಾಟ್ಸ್ ಅಂತ ಡಾಕ್ಟರು ಯೋಚಿಸುತ್ತಾರೆ. 12ರಿಂದ 19 ವರ್ಷದವರಿಗೆ ಆ ಲೆಕ್ಕ 40.

ನಮ್ಮ ಮನೆಯಲ್ಲಿ ಬರೆದುಕೊಂಡವರು ಅಮ್ಮ. ಮಲಗಿದ್ದಾಗ 72. ಎರಡನೇ ನಿಮಿಷಕ್ಕೆ 108. ಆರನೇ ನಿಮಿಷಕ್ಕೆ ಅಮ್ಮನ ಕಣ್ಣು ನೋಟ್‌ಬುಕ್ ಬಿಟ್ಟು ನನ್ನ ಪಾದಕ್ಕೆ ಹೋಯಿತು. ಪಾದ ನೇರಳೆ ಬಣ್ಣಕ್ಕೆ ತಿರುಗಿತ್ತು. ಹತ್ತನೇ ನಿಮಿಷಕ್ಕೆ 124 ಅಂತ ಬರೆದು ಪೆನ್ನು ಕೆಳಗಿಟ್ಟರು. ಏನೂ ಮಾತಾಡಲಿಲ್ಲ, ಕುರ್ಚಿ ತಂದು ಹಾಕಿದರು. ಅವತ್ತಿನಿಂದ ನಮ್ಮ ಅಡುಗೆಮನೆಯಲ್ಲಿ ಒಂದು ಎತ್ತರದ ಸ್ಟೂಲ್ ಇದೆ.

ಇನ್ನು ದಿನದ ಮಾತು. ಬೆಳಗ್ಗೆಯೇ ನಮಗೆ ಕಷ್ಟದ ಹೊತ್ತು. ಹಾಸಿಗೆ ಪಕ್ಕದಲ್ಲಿ ಒಂದು ಬಾಟಲಿ ನೀರಿರಲಿ. ಏಳುವ ಮೊದಲೇ ಎರಡು ಲೋಟ ಕುಡಿದು, ಮಂಚದ ಅಂಚಿನಲ್ಲಿ ಕೂತು ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಿ. ಸ್ನಾನ ಕೂತುಕೊಂಡೇ ಮಾಡಿ, ಅದೂ ಉಗುರುಬೆಚ್ಚಗಿನ ನೀರಿನಲ್ಲಿ. ಬಿಸಿ ನೀರು ರಕ್ತನಾಳಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಸ್ನಾನ ಆದ ಮೇಲೆ ಕಾಲು ಗಂಟೆ ಮಲಗಿದರೆ ಅದು ಸೋಮಾರಿತನ ಅಲ್ಲ. ಹೊಟ್ಟೆ ಬಿರಿಯ ತಿಂದರೆ ರಕ್ತವೆಲ್ಲ ಹೊಟ್ಟೆ ಕಡೆ ಹೋಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ ತಿನ್ನಿ.

ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು, ಜೊತೆಗೆ ಜಾಸ್ತಿ ಉಪ್ಪು ಅಂತ ಪಾಟ್ಸ್ ಇರುವವರಿಗೆ ಹೇಳುವುದುಂಟು. ಉಪ್ಪು ನೀರನ್ನು ಹಿಡಿದಿಟ್ಟು ರಕ್ತದ ಪ್ರಮಾಣ ಜಾಸ್ತಿ ಮಾಡುತ್ತದೆ. ಆದರೆ ಎಷ್ಟು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಬಿಗಿ ಸಾಕ್ಸ್ ಕೊಳ್ಳುವುದಾದರೆ ಮಂಡಿವರೆಗಿನದು ಸಾಲದು, ಸೊಂಟದವರೆಗೆ ಬಂದು ಹೊಟ್ಟೆಯನ್ನೂ ಬಿಗಿಹಿಡಿಯುವುದು ಒಳ್ಳೆಯದು. ಎಲ್ಲಾದರೂ ನಿಂತು ಕಾಯಬೇಕಾದರೆ ಕಾಲಿನ ಮೇಲೆ ಕಾಲು ಹೆಣೆದು ತೊಡೆ, ಪೃಷ್ಠ ಬಿಗಿ ಮಾಡಿ, ಮುಷ್ಟಿ ಹಿಂಡಿ. ಅಷ್ಟಕ್ಕೂ ಆಗಲಿಲ್ಲವಾ? ನೆಲದ ಮೇಲೆ ಕೂತುಬಿಡಿ. ಜನ ನೋಡುತ್ತಾರೆ, ನೋಡಲಿ. ನಾಚಿಕೆಗೆ ಅಂತ ನಿಂತೇ ಇದ್ದು ಬಿದ್ದು, ನನ್ನ ಗದ್ದಕ್ಕೆ ನಾಲ್ಕು ಹೊಲಿಗೆ ಬಿದ್ದಿವೆ.

ನನಗೆ ಎಲ್ಲಕ್ಕಿಂತ ಉಪಕಾರ ಮಾಡಿದ್ದು ವ್ಯಾಯಾಮ, ಎಲ್ಲಕ್ಕಿಂತ ಕಷ್ಟವಾಗಿದ್ದೂ ಅದೇ. ‘ದಿನಾ ವಾಕಿಂಗ್ ಮಾಡು’ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಶುರುವಿನಲ್ಲಿ ಅದೇ ತಪ್ಪು ವ್ಯಾಯಾಮ, ಯಾಕಂದರೆ ನಿಂತೇ ಮಾಡಬೇಕು. ಮಲಗಿ ಕಾಲೆತ್ತುವುದು, ಒರಗಿ ಕೂತು ತುಳಿಯುವ ಸೈಕಲ್, ಈಜು, ಇವುಗಳಿಂದ ಶುರು ಮಾಡಬೇಕು. ನನ್ನ ಮೊದಲ ದಿನ ಐದು ನಿಮಿಷ ಸೈಕಲ್, ಮಾರನೇ ದಿನ ಪೂರ್ತಿ ಹಾಸಿಗೆ. ಎರಡನೇ ವಾರ ಅತ್ತು ಬಿಟ್ಟೇಬಿಟ್ಟಿದ್ದೆ. ಫಿಸಿಯೋಥೆರಪಿಯವರು ಅದನ್ನು ಎರಡೂವರೆ ನಿಮಿಷಕ್ಕೆ ಇಳಿಸಿದರು. ಇಳಿಸಿದ ಮೇಲೇ ಮುಂದೆ ಹೋಗಲು ಆಯಿತು. ಅರ್ಧ ಗಂಟೆಗೆ ಬರಲು ಏಳು ತಿಂಗಳು ಹಿಡಿಯಿತು. ಕಾಲಿನ ಮಾಂಸಖಂಡ ಗಟ್ಟಿಯಾದಷ್ಟೂ ಅದು ರಕ್ತವನ್ನು ಮೇಲಕ್ಕೆ ಹಿಂಡುತ್ತದೆ. ಔಷಧಿಗಳೂ ಇವೆ: ಪ್ರೊಪ್ರಾನಲಾಲ್, ಐವಾಬ್ರಾಡಿನ್, ಮಿಡೊಡ್ರಿನ್ ಹೀಗೆ. ಯಾವುದು ಅನ್ನುವುದು ಡಾಕ್ಟರಿಗೆ ಬಿಟ್ಟದ್ದು. ಮಿಡೊಡ್ರಿನ್ ಕೊಟ್ಟರೆ ಒಂದು ಮಾತು ನೆನಪಿಡಿ, ತಗೊಂಡು ನಾಲ್ಕು ಗಂಟೆ ಚಪ್ಪಟೆ ಮಲಗಬಾರದು, ಬಿಪಿ ಏರುತ್ತದೆ.

ಮುಟ್ಟಿನ ದಿನ, ಸೆಕೆಯ ದಿನ, ನೆಗಡಿ ಜ್ವರದ ದಿನ ಎಲ್ಲ ಕೆಡುತ್ತದೆ. ಆ ದಿನಗಳಿಗೆ ಕೆಲಸ ಇಟ್ಟುಕೊಳ್ಳಬೇಡಿ. ನಾನು ದಿನವನ್ನು ಗಂಟೆಯಲ್ಲಿ ಎಣಿಸುವುದನ್ನು ಬಿಟ್ಟೆ, ನಿಲ್ಲುವ ಕೆಲಸ ಎಷ್ಟು ಅಂತ ಎಣಿಸುತ್ತೇನೆ. ಒಂದು ಹೊತ್ತಿಗೆ ಒಂದೇ. ಇವತ್ತು ಬೆಳಗ್ಗೆ ತಲೆಗೆ ಸ್ನಾನ ಮಾಡಿದೆ, ಬಟ್ಟೆ ಒಣಹಾಕುವುದು ಸಂಜೆಗೆ.

ಪ್ರಶ್ನೆ: ನನಗೆ 71. ಹೃದಯದ ಪಂಪಿಂಗ್ ಕಮ್ಮಿ ಇದೆ, ಶುಗರ್ ಕೂಡ ಇದೆ. ಎದ್ದಾಗ ಬಿಪಿ ಇಳಿದು ತಲೆ ಸುತ್ತುತ್ತದೆ. ಉಪ್ಪು ನೀರು ಕುಡಿದರೆ ಸರಿಹೋಗುತ್ತದೆ ಅಂತ ಪರಿಚಯದವರು ಹೇಳಿದರು. ಕುಡಿಯಲೇ?
— ನಿವೃತ್ತ ನೌಕರ

ಉತ್ತರ: ದಯವಿಟ್ಟು ಬೇಡ ಸಾರ್. ಮೇಲಿನ ತಂಗಿಗೆ ಹೇಳಿದ ಉಪ್ಪು, ನೀರು ನಿಮಗಲ್ಲ. ಪಂಪಿಂಗ್ ಕಮ್ಮಿ ಇರುವ ಹೃದಯಕ್ಕೆ ಅದೇ ಹೊರೆ. ಕಾಲು ಊದಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು.

ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಕಾರಣ ಹುಡುಕಬೇಕು. ಹಳೆಯ ಸಕ್ಕರೆ ಕಾಯಿಲೆ ಇದೇ ನರಗಳನ್ನು ಕೆಡಿಸುತ್ತದೆ. ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ, ಪ್ರೊಸ್ಟೇಟಿನ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಒಂದು ವಾರ ಮಲಗಿದಾಗಿನ, ನಿಂತಾಗಿನ ಬಿಪಿ ಬರೆದು, ಎಲ್ಲ ಮಾತ್ರೆಗಳ ಚೀಟಿ ಸಮೇತ ನಿಮ್ಮ ಕಾರ್ಡಿಯಾಲಜಿಸ್ಟ್ ಹತ್ತಿರ ಹೋಗಿ. ಅಲ್ಲಿಯವರೆಗೆ ರಾತ್ರಿ ಮೂತ್ರಕ್ಕೆ ಎದ್ದಾಗ ದೀಪ ಹಾಕಿಕೊಂಡು ಹೋಗಿ, ಕೂತೇ ಮಾಡಿ.

ಪ್ರಶ್ನೆ: ನನ್ನ ಹೆಂಡತಿಗೂ ಡಿಸಾಟೊನೋಮಿಯಾ. ಪ್ರಜ್ಞೆ ತಪ್ಪಿದಾಗ ಗಾಬರಿಯಾಗಿ ಎತ್ತಿ ಕೂರಿಸುತ್ತೇನೆ. ಸರಿಯೇ?
— ಒಬ್ಬ ಗಂಡ

ಉತ್ತರ: ಕೂರಿಸಬೇಡಿ. ಚಪ್ಪಟೆ ಮಲಗಿಸಿ ಕಾಲು ಎತ್ತಿ ಹಿಡಿಯಿರಿ. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬೇಡಿ. ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಕಣ್ಣು ಬಿಡುತ್ತಾರೆ. ಬಿಡದಿದ್ದರೆ, ಎದೆನೋವು ಬಂದರೆ, ಮಲಗಿದ್ದಾಗಲೇ ಅಥವಾ ಓಡುವಾಗ ಪ್ರಜ್ಞೆ ತಪ್ಪಿದರೆ ಇದು ಹಳೆಯದೇ ಅಂದುಕೊಳ್ಳದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ತೀರಿಕೊಂಡದ್ದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಎಚ್ಚರ ಬಂದ ಮೇಲೆ ‘ಏಳು, ಏಳು’ ಅನ್ನಬೇಡಿ. ಹತ್ತು ನಿಮಿಷ ಅಲ್ಲೇ, ನೆಲದ ಮೇಲೆ ಅವರ ಪಕ್ಕದಲ್ಲಿ ಕೂತಿರಿ. ಅವರಿಗೆ ಕಣ್ಣು ಕಾಣಿಸುವುದಕ್ಕಿಂತ ಮೊದಲು ಮಾತು ಕೇಳಿಸುತ್ತಿರಬಹುದು. ಮೆಲ್ಲಗೆ ಮಾತಾಡಿಸುತ್ತಿರಿ.