ಮನೆ ದುರಸ್ತಿ ಪ್ರಶ್ನೋತ್ತರ: ಹಿಮಕ್ಕೆ ಉದುರುವ ಇಟ್ಟಿಗೆ

ಪ್ರಶ್ನೆ: ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಊರಿನಲ್ಲಿರುವ ಹಳೆಯ ಇಟ್ಟಿಗೆ ಮನೆ. ಹೊರಗೋಡೆಯ ಕೆಳಗಿನ ವರಸೆಗಳಲ್ಲಿ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಹಿಂದೊಮ್ಮೆ ಸಂದುಗಳಿಗೆ ತುಂಬಿಸಿದ ಸಿಮೆಂಟು ಮಾತ್ರ ಗಟ್ಟಿಯಾಗಿಯೇ ಇದೆ. ಉದುರಿದ ಕಡೆಯೂ ಸಿಮೆಂಟು ಮೆತ್ತಿದರೆ ಸಾಕೆ?

ಉತ್ತರ: ಬೇಡ. ಆ ಸಿಮೆಂಟಿನ ಮೇಲೆಯೇ ನಮಗೆ ಮೊದಲ ಅನುಮಾನ. ಗೋಡೆ ಕುಡಿದ ನೀರು ಮೆದುವಾದ ಸುಣ್ಣದ ಗಾರೆಯ ಮೂಲಕ ಆರಿಹೋಗಬೇಕು. ಸಂದಿಗೆ ಸಿಮೆಂಟು ಬಿದ್ದರೆ ಆ ದಾರಿ ಮುಚ್ಚಿ, ನೀರೆಲ್ಲ ಇಟ್ಟಿಗೆಯ ಮುಖದ ಹಿಂದೆಯೇ ಉಳಿಯುತ್ತದೆ. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇ. 9 ಹಿಗ್ಗುತ್ತದೆ. ಇಟ್ಟಿಗೆ ನೆನೆದು ತುಂಬಿದ್ದರೆ ಹಿಗ್ಗಲು ಜಾಗವಿಲ್ಲದೆ ಮುಖ ಸಿಡಿಯುತ್ತದೆ. ಒಣಗಿದ ಇಟ್ಟಿಗೆಗೆ ಎಂಥ ಚಳಿಯೂ ಏನೂ ಮಾಡದು.

ಆದ್ದರಿಂದ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಸೂರಿನ ದೋಣಿ ಸೋರುತ್ತಿರಬಹುದು, ಮಳೆನೀರಿನ ಪೈಪು ಒಡೆದಿರಬಹುದು. ಕೆಳವರಸೆಗಳೇ ಹಾಳಾಗಿದ್ದರೆ ಬುಡದ ಮಣ್ಣು ನೋಡಿ: ಗೋಡೆಯೊಳಗೆ ತೇವ ತಡೆಯುವ ಪದರವಿದ್ದರೆ ಹೊರನೆಲ ಅದಕ್ಕಿಂತ 150 ಮಿ.ಮೀ. ಕೆಳಗಿರಬೇಕು. ವರ್ಷಗಳಿಂದ ಮಣ್ಣು, ಕಲ್ಲುಹಾಸು ಪೇರಿಸಿ ಅದನ್ನು ಹೂತಿರುವುದೇ ಹೆಚ್ಚು.

ಮುಖ ಹೋದ ಇಟ್ಟಿಗೆಯನ್ನು ತೆಗೆದೇ ಹಾಕಬೇಕು. ಸುತ್ತಲಿನ ಸಂದಿನಲ್ಲಿ 6–8 ಮಿ.ಮೀ. ಡ್ರಿಲ್ ಬಿಟ್‌ನಿಂದ ಒತ್ತೊತ್ತಾಗಿ ತೂತು ಕೊರೆದು, ತೆಳು ಉಳಿಯಿಂದ ಗಾರೆ ಬಿಡಿಸಿ. ಗ್ರೈಂಡರ್ ಬೇಡ, ಕಿರಿದಾದ ಸಂದಿನಲ್ಲಿ ಅದು ಪಕ್ಕದ ಇಟ್ಟಿಗೆಯ ಅಂಚನ್ನೂ ಕತ್ತರಿಸಿಬಿಡುತ್ತದೆ. ಒಳಗಿರುವುದು ಸುಣ್ಣದ ಗಾರೆಯಾದರೆ ಇಟ್ಟಿಗೆ ಇಡಿಯಾಗಿಯೇ ಬರಬಹುದು. ಹಿಂಬದಿ ಗಟ್ಟಿಯಿದ್ದರೆ ಅದನ್ನೇ ತಿರುಗಿಸಿ ಕೂರಿಸಿ. ಒಂದೇ ಸಾಲಿನಲ್ಲಿ ಉದ್ದಕ್ಕೆ ಬಿಡಿಸುತ್ತಾ ಹೋಗಬೇಡಿ. ಒಂದೆರಡು ಬಿಡಿಸಿ, ಕೂರಿಸಿ, ಗಾರೆ ಬಿಗಿಯಾದ ಮೇಲೆ ಮುಂದಿನದು.

ಗಾರೆಗೆ ನೈಸರ್ಗಿಕ ಹೈಡ್ರಾಲಿಕ್ ಸುಣ್ಣ (ನೀರಿನೊಡನೆ ಸೇರಿ ಗಟ್ಟಿಯಾಗುವ ಸುಣ್ಣ, ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಎನ್‌ಎಚ್‌ಎಲ್), 3.5 ದರ್ಜೆಯದು, 1 ಪಾಲು. ತೊಳೆದ ದೊರಗು ಮರಳು 3 ಪಾಲು. ಇಟ್ಟಿಗೆ ತೀರಾ ಮೆದುವಾಗಿದ್ದರೆ ಎನ್‌ಎಚ್‌ಎಲ್ 2 ಲೇಸು. ಇಟ್ಟಿಗೆ ತೆಗೆದ ಗೂಡಿನ ದೂಳು ತೆಗೆದು, ಗೂಡು, ಇಟ್ಟಿಗೆ ಎರಡನ್ನೂ ನೆನೆಸಿ; ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿ ಅದನ್ನು ಪುಡಿಯಾಗಿಸುತ್ತದೆ. ಗೂಡಿನ ತಳಕ್ಕೂ ಇಟ್ಟಿಗೆಯ ತಲೆ, ಪಕ್ಕಗಳಿಗೂ ಗಾರೆ ಹಚ್ಚಿ ಒಳಗೆ ತಳ್ಳಿ. ಮೇಲಿನ ಸಂದನ್ನು ಹಿಂದಿನಿಂದ ಮುಂದಕ್ಕೆ ಗಿಡಿಯಿರಿ. ಅಲ್ಲಿ ಪೊಳ್ಳು ಉಳಿದರೆ ಮೇಲಿನ ಭಾರ ಹೊಸ ಇಟ್ಟಿಗೆಯ ಮೇಲೆ ಕೂರುವುದಿಲ್ಲ.

ಉಳಿದ ಸಿಮೆಂಟು ಸಂದುಗಳನ್ನೂ ಕೆದಕಿ, ಸಂದಿನ ಅಗಲದ ಎರಡು ಪಟ್ಟು, ಕಡಿಮೆಯೆಂದರೆ 25 ಮಿ.ಮೀ. ಆಳಕ್ಕೆ, ಇದೇ ಗಾರೆ ತುಂಬಿ. ಸಿಮೆಂಟು ಇಟ್ಟಿಗೆಗೆ ಕಚ್ಚಿಕೊಂಡು ಅಂಚನ್ನೇ ಕೀಳುವಂತಿದ್ದರೆ ಅಲ್ಲಿ ಕೈಬಿಡಿ, ಅದು ತಾನಾಗಿ ಸಡಿಲವಾಗುವವರೆಗೆ ಕಾಯುವುದೇ ಜಾಣತನ. ಮುಗಿದ ಕೆಲಸದ ಮೇಲೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಒಂದು ವಾರವಾದರೂ ತೇವ ಕಾಯಿರಿ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕೆಲಸ ಬೇಡ. ಸುಣ್ಣ ನಿಧಾನವಾಗಿ ಬಲಿಯುವುದರಿಂದ ಹಿಮಗಾಲಕ್ಕೆ ಎರಡು ತಿಂಗಳು ಮೊದಲೇ ಮುಗಿಸಿ.

ಪ್ರಶ್ನೆ: ಮತ್ತೆ ಹೀಗಾಗದಂತೆ ನೀರು ತಡೆಯುವ ಲೇಪ ಬಳಿಯಬಹುದೆ?

ಉತ್ತರ: ಬಳಿಯದಿರಿ. ಕೂದಲೆಳೆಯ ಬಿರುಕಿನಿಂದ, ನೆಲದಿಂದ ನೀರು ಒಳಬರುತ್ತಲೇ ಇರುತ್ತದೆ, ಆದರೆ ಆರುವುದು ನಿಧಾನವಾಗುತ್ತದೆ. ಲೇಪದ ಹಿಂದೆ ನೀರೂ ಲವಣವೂ ಸೇರಿ, ಮುಂದಿನ ಹಿಮಕ್ಕೆ ಲೇಪದ ಸಮೇತ ಮುಖ ಕಳಚಿಕೊಳ್ಳುತ್ತದೆ.

ಪ್ರಶ್ನೆ: ಬದಲಿಗೆ ಹಳೆಯ ಮನೆ ಕೆಡವಿದ ಇಟ್ಟಿಗೆ ಆದೀತೆ?

ಉತ್ತರ: ಬಣ್ಣ ಹೊಂದುತ್ತದೆ, ಆದರೆ ಅದು ಒಳಗೋಡೆಯದ್ದಾಗಿರಬಹುದು, ಅರೆಬೆಂದ ಇಟ್ಟಿಗೆಗಳನ್ನು ಹೆಚ್ಚಾಗಿ ಅಲ್ಲಿಗೇ ಬಳಸುತ್ತಿದ್ದರು. ಎರಡನ್ನು ತಟ್ಟಿ ನೋಡಿ: ಠಣ್ ಎಂದರೆ ಚೆನ್ನಾಗಿ ಬೆಂದದ್ದು, ಮಂಕು ಸದ್ದಾದರೆ ಬಿಡಿ. ಹೊಸದು ಕೊಳ್ಳುವುದಾದರೆ ಐರೋಪ್ಯ ಮಾನದಂಡದ ಎಫ್2 ದರ್ಜೆ, ಅಂದರೆ ತೀವ್ರ ಹಿಮವನ್ನೂ ತಾಳುವಂಥದ್ದು, ಕೇಳಿ. ಇಟ್ಟಿಗೆಯ ಎತ್ತರದ ಅಳತೆಗೆ, ಗೋಡೆಯ 4 ವರಸೆಗಳ ಎತ್ತರವನ್ನು (4 ಸಂದುಗಳೂ ಸೇರಿ) 4ರಿಂದ ಭಾಗಿಸಿ ಒಂದು ಸಂದಿನ ದಪ್ಪ ಕಳೆಯಿರಿ.